ಎಂಟಾಣೆ ಅಗಲ

ಕ್ಯೂರಿಂಗ್ ವರ್ಕ್ಸ್ ಮುಚ್ಚಿ ಹತ್ತೊಂಬತ್ತು ವರ್ಷ.
ನಾನು ಅದನ್ನು ತೆರೆದದ್ದು ಮೊನ್ನೆ ಮಂಗಳವಾರ,
ಮಲ್ಲಂದೂರು ರಸ್ತೆಯ ಪಂಪ್‌ಸೆಟ್ ಅಂಗಡಿಯ ಮೇಲೆ,
ಎಡಗೈಯಲ್ಲಿ ಚುರುಮುರಿ, ಬಲಗೈಯಲ್ಲಿ ಮೌಸ್.

ಗೋಡೆ ಎಬ್ಬಿಸುವುದು ಸುಲಭ. ಗೆರೆ ಎಳೆ, ಮೇಲಕ್ಕೆತ್ತು.
ಗರಗಸದ ಹಲ್ಲಿನಂಥ ಸೂರು; ಒಂಬತ್ತರಲ್ಲಿ ಒಂದು ಮುರಿದಿತ್ತು,
ಹಲ್ಲು ಕಟ್ಟಿಸಿಕೊಟ್ಟೆ.
ಕಾಫಿ ಒಣಗಿಸುವ ಕಣದ ತುಂಬ ಲಂಟಾನ,
ಒಂದು ಒತ್ತಿಗೆ ಮಾಯ. ಅಲ್ಲಿ ಹುಲ್ಲುಹಾಸು,
ಮೂಟೆ ಬಿಚ್ಚಿ ಸುರಿದ ಹಾಗೆ.
ಸೂರ್ಯನ ಕಿವಿ ಹಿಡಿದು ಪಡುವಣಕ್ಕೆಳೆದೆ:
ಡಿಸೆಂಬರ್, ಸಂಜೆ ಐದೂಕಾಲು.
ಮಾಲೀಕರು ಚಂದ್ರಮೌಳಿಗೆ ಹೊಂಬಿಸಿಲೇ ಬೇಕು,
ಮದುವೆ ಹಾಲ್ ಬುಕ್ ಆಗುವುದೇ ಬಿಸಿಲಿನಿಂದಂತೆ.

ಆಮೇಲೆ ಜನ. ಅವರು ರೆಡಿಮೇಡ್.
ನಾಯಿ ಹಿಡಿದ ಬಿಳಿ ಹೆಂಗಸು,
ಯಾವೂರ ಚಳಿಗೋ ಮಫ್ಲರ್ ಸುತ್ತಿದವನು.
ಕಡೂರಿನ ನರ್ಸಿಂಗ್ ಹೋಮಿಗೂ ಇವರೇ ಬಂದಿದ್ದರು,
ಬೀರೂರಿನ ಕಾಂಪ್ಲೆಕ್ಸಿಗೂ.
ನಡೆಯುತ್ತಲೇ ಇದ್ದಾರೆ ಪಾಪ, ಎಲ್ಲಿಗೂ ಮುಟ್ಟಿಲ್ಲ.

ಕಸ ಗುಡಿಸಲು ಬಂದ ಖೈರುನ್ನೀಸಾ
ಪೊರಕೆ ಕಂಕುಳಲ್ಲಿಟ್ಟು ಪರದೆಗೆ ಬಗ್ಗಿದರು.
"ಇದು ನಮ್ ವರ್ಕ್ಸು."
ಹನ್ನೊಂದು ವರ್ಷ ಅಲ್ಲಿ ಕಾಳು ಆರಿಸಿದವರು,
ಕಪ್ಪು ಅತ್ತ, ಒಡಕು ಇತ್ತ.
"ಚೆನ್ನಾಗದೆ," ಅಂದರು. ಆಮೇಲೆ, "ಕಿಟಕಿ ತಪ್ಪು."

ಟೇಪು ಹಿಡಿದು ಅಳೆದವ ನಾನು, ಹೇಗೆ ತಪ್ಪು?

"ಗಾಜಿಗೆ ಹಸಿರು ಬಣ್ಣ ಬಳಿದಿದ್ರು, ಹೊರಗೆ ನೋಡಬಾರ್ದು ಅಂತ.
ಹೇರ್‌ಪಿನ್ನಲ್ಲಿ ಕೆರೆದೂ ಕೆರೆದೂ ಒಂದು ತೂತು ಮಾಡಿದ್ವಿ,
ಎಂಟಾಣೆ ಅಗಲ. ನೆಲದಲ್ಲಿ ಕೂತವರ ಕಣ್ಣಿಗೆ ಸಮ.
ಎದುರಿಗೆ ಶಾಲೆ. ಗಂಟೆ ಹೊಡೆದ್ಮೇಲೆ
ಒಬ್ಬೊಬ್ರೇ ಜರುಗಿ ಬಂದು ನೋಡೋದು,
ಅವರವರ ಮಕ್ಕಳು ರಸ್ತೆ ದಾಟಿದ್ವಾ ಅಂತ.
ರೋಸ್‌ಲೀನಾಗೆ ಮಕ್ಕಳಿರ್ಲಿಲ್ಲ, ಅವಳೂ ನೋಡೋಳು,
ಐಸ್‌ಕ್ಯಾಂಡಿಯವನನ್ನ."

ಬೆಳಿಗ್ಗೆ ಕೀಲಿ ತಂದು ಒಳಗೆ ಹೋದೆ.
ಬಾವಲಿ ವಾಸನೆ. ಮೂರನೇ ಕಿಟಕಿ, ಕೆಳಸಾಲು.
ಇತ್ತು.
ನೆಲದಿಂದ ಎರಡಡಿ ಮೂರಿಂಚು. ಮಂಡಿಯೂರಿ ಕಣ್ಣಿಟ್ಟೆ:
ಶಾಲೆ ಇಲ್ಲ, ಟೈರ್ ಅಂಗಡಿ.

ವಾಪಸು ಬಂದು ಉಳಿದ ಗಾಜೆಲ್ಲ ತಿಳಿಯಾಗಿಟ್ಟು
ಒಂದಕ್ಕೆ ಮಾತ್ರ ಹಸಿರು ಬಳಿದೆ, ತೂತು ಕೊರೆದೆ.

ಈ ಯಂತ್ರದಲ್ಲಿ ಬೆಳಕು ಮೊದಲು ಕಾಳುಕಾಳಾಗಿ ಬೀಳುತ್ತದೆ,
ಜೊಳ್ಳೂ ಗಟ್ಟಿಯೂ ಕಲೆತು, ರವೆ ಚೆಲ್ಲಿದ ಹಾಗೆ.
ಆಮೇಲೆ ಸಾಫ್ಟ್‌ವೇರ್ ಕೂತು ಆರಿಸುತ್ತದೆ,
ಕೊಳೆ ಅನ್ನಿಸಿದ್ದನ್ನೆಲ್ಲ ಒರೆಸಿ ನುಣುಪಾಗಿಸುತ್ತದೆ.
ತೂತನ್ನೂ ಒರೆಸಿತು.
ಮತ್ತೆ ಕೊರೆದೆ. ಮತ್ತೆ ಒರೆಸಿತು,
ಕೆಟ್ಟ ಕಾಳೆಂದುಕೊಂಡು.

ಆರಿಸುವುದನ್ನೇ ನಿಲ್ಲಿಸಿ, ಕಾಳು ತಾನಾಗಿ ತುಂಬಲೆಂದು
ರಾತ್ರಿಯಿಡೀ ಓಡಲು ಬಿಟ್ಟೆ.
ಎರಡೂ ನಲವತ್ತಕ್ಕೆ ಕರೆಂಟ್ ಹೋಯಿತು,
ಯುಪಿಎಸ್ ಕೋಳಿಮರಿಯಂತೆ ಕೂಗಿ ಸತ್ತಿತು.
ಮೊದಲಿನಿಂದ.

ಮಾರನೆಯ ಸಂಜೆ ಚಂದ್ರಮೌಳಿ ಫೋನ್:
"ಅದೇನ್ರೀ ಗಾಜಿನ ಮೇಲೆ ಗಲೀಜು?"
ಇರುವುದು ಸಾರ್, ಅಂದೆ.
"ಇರೋದನ್ನ ತೋರಿಸೋಕೆ ನಿಮಗೆ ದುಡ್ಡು ಕೊಡ್ಬೇಕಾ?"
ಆ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.

ಖೈರುನ್ನೀಸಾ ಬಂದಾಗ ಮಾನಿಟರನ್ನು
ಮೇಜಿನಿಂದ ಇಳಿಸಿ, ಎರಡು ಕಾಗದದ ಬಂಡಲ್ ಮೇಲಿಟ್ಟು
ಎರಡಡಿ ಮೂರಿಂಚಿಗೆ ಸರಿಮಾಡಿದೆ.
ಅವರು ಚಕ್ಕಳಮಕ್ಕಳ ಹಾಕಿ ಕೂತು,
ಬೆನ್ನು ನೆನಪಿಸಿಕೊಂಡಂತೆ ತುಸು ಬಾಗಿ,
ಒಂದು ಕಣ್ಣು ಮುಚ್ಚಿದರು.

ಬಹಳ ಹೊತ್ತು.

"ಆಚೆ ಏನೂ ಇಲ್ವಲ್ಲ," ಅಂದರು. "ರಸ್ತೆ ಹಾಕಿಲ್ಲ ನೀನು."

ನಿಜ. ತೂತಿನಾಚೆ ನಾನೇನೂ ಕಟ್ಟಿರಲಿಲ್ಲ,
ಬರೀ ಬೂದು.
ನಾಯಿ ಹಿಡಿದವಳನ್ನು ಬದಿಗೆ ಸರಿಸಿ
ಬಿಲ್ಲಿನಲ್ಲಿಲ್ಲದ ರಸ್ತೆಗೆ ಗೆರೆ ಎಳೆಯತೊಡಗಿದೆ.
ಎಷ್ಟಗಲ ಇತ್ತು?

"ದೊಡ್ಡವಳಿಗೆ ಹದಿನಾಲ್ಕು ಹೆಜ್ಜೆ,
ಸಣ್ಣೋನಿಗೆ ಹತ್ತೊಂಬತ್ತು.
ಓಡಿದ್ರೆ ಎಣಿಸೋಕಾಗ್ತಿರ್ಲಿಲ್ಲ."